ನಾಲಿಗೆಯ ಎಲುಬು

ಸೋಮವಾರ ಮೌಖಿಕ ಪರೀಕ್ಷೆ. ಇನ್ನೂರ ಆರು ಎಲುಬು,
ಒಂದೊಂದರ ಉಬ್ಬು, ತಗ್ಗು, ತೂತು, ಗೀರು.
ಪುಸ್ತಕ ಮುಚ್ಚು, ಹೋಗಿ ಕಣ್ಣಾರೆ ನೋಡೋಣ
ಅಂದಳು ಕೋಣೆಯ ಗೆಳತಿ ಜ್ಲಾತಿತ್ಸಾ. ರೈಲಿಗೆ ಎರಡೂಕಾಲು ಗಂಟೆ.
ಮಂಗೋಲಿಯಾದ ಓಯುನಾ ಆಗಲೇ
ಬ್ರೆಡ್ಡಿನ ನಡುವೆ ಚೀಸು, ಉಪ್ಪುನೀರಿನ ಸೌತೆ ಇಟ್ಟು
ಡಬ್ಬಿ ಮುಚ್ಚಿದ್ದಳು.

ಬ್ರ್ನೋ ಬಿಟ್ಟಾಗ ಮಂಜು. ಹಾವ್ಲಿಚ್ಕೂವ್ ಬ್ರೋದ್ ದಾಟಿದರೂ ಮಂಜು.
ಎಷ್ಟು ಜನ, ಎಂದ ಟಿಕೆಟ್ಟಿನವನು. ಮೂರು ಬೆರಳೆತ್ತಿದೆ.
ಮೂರಕ್ಕೆ ಇವರ ಮಾತು ನಮ್ಮ ತ್ರಿಯೇ,
ದಾರಿಯಲ್ಲಿ ಎಲ್ಲೋ ಉಜ್ಜಿಸಿಕೊಂಡಿದೆ:
ರ ಎಂದು ಹೊರಟು ಝ ಎಂದು ಮುಟ್ಟಬೇಕು,
ಎರಡೂ ಆಗಬಾರದು.
ಒಂದೂವರೆ ವರ್ಷವಾದರೂ ಬಂದಿಲ್ಲ.
ನಾಲಿಗೆಗೆ ಎಲುಬಿಲ್ಲ, ಹೇಗೆ ಬೇಕಾದರೂ ಹೊರಳುತ್ತೆ ಅನ್ನುತ್ತಾರೆ ನಮ್ಮಲ್ಲಿ.
ನನ್ನದಕ್ಕೆ ಈ ದೇಶದಲ್ಲಿ ಮೂಳೆ ಬೆಳೆದಿದೆ.

ಕುತ್ನಾ ಹೋರಾ. ಒಂದು ಕಾಲಕ್ಕೆ ನೆಲ ಅಗೆದರೆ ಬೆಳ್ಳಿ.
ಗಣಿಗೆ ಇಳಿಸುವ ಮುಂಚೆ ಬಿಳಿ ನಿಲುವಂಗಿ ಕೊಟ್ಟರು;
ಬಿದ್ದವನು ಕತ್ತಲಲ್ಲಿ ಕಾಣಲಿ ಅಂತ, ಅಂದ ದಾರಿ ತೋರಿಸುವ ಹುಡುಗ.
ಆಮೇಲೆ ದೀಪ ಆರಿಸಿದ. ಯಾರೂ ಕಾಣಲಿಲ್ಲ.
ಜ್ಲಾತಿತ್ಸಾ ಕೆಮ್ಮಿದಳು, ಗೋಡೆ ಕೆಮ್ಮಿತು.

ಸಂಜೆಗೆ ಸೆಡ್ಲೆಟ್ಸ್, ಎಲುಬಿನ ಚರ್ಚು.
ನಲವತ್ತು ಸಾವಿರ ಮಂದಿಯಂತೆ,
ಕೆಲವರನ್ನು ಪ್ಲೇಗು ಕಳಿಸಿತು, ಕೆಲವರನ್ನು ಯುದ್ಧ.
ಕಮಾನಿಗೆ ಬುರುಡೆಯ ಮಾಲೆ. ಅದರಾಚೆ
ಎಲುಬಿನ ಕಾಗೆಯೊಂದು ಬುರುಡೆಯೊಂದರ ಕಣ್ಣು ಕುಕ್ಕುತ್ತಿತ್ತು,
ಯಾರ ಪಿಂಡಕ್ಕೂ ಬಂದ ಕಾಗೆಯಲ್ಲ ಅದು.
ನಾನು ಕಂಡ ಅಸ್ಥಿ ಅಂದರೆ
ದೊಡ್ಡಪ್ಪನದು, ಬಾಯಿಗೆ ಬಟ್ಟೆ ಕಟ್ಟಿದ ಕುಡಿಕೆ, ಎರಡು ಹಿಡಿ.
ಹೊಳೆಗೆ ಬಿಟ್ಟಾಗ ಒಂದು ಗಳಿಗೆ ನೀರಿಗೆ ಬೂದಿಬಣ್ಣ, ಅಷ್ಟೆ.
ಇಲ್ಲಿ ಯಾರೂ ಕರಗಿಲ್ಲ. ದೀಪಗುಚ್ಛವಾಗಿ ತೂಗುತ್ತಿದ್ದಾರೆ.

ಮೈಯ ಎಲ್ಲ ಎಲುಬೂ ಆ ಗುಚ್ಛದಲ್ಲಿದೆ ಎನ್ನುತ್ತಾರೆ.
ಸರಿ, ಎಣಿಸಿದೆ. ಓಯುನಾ ಲ್ಯಾಟಿನ್ನಿನಲ್ಲಿ ಗೊಣಗುತ್ತ ಟಿಕ್ ಹಾಕಿದಳು.
ಒಂದು ಸಿಗಲಿಲ್ಲ:
ಗಂಟಲಲ್ಲಿ, ಬೇರೆ ಯಾವ ಎಲುಬನ್ನೂ ಮುಟ್ಟದೆ
ಲಾಳದ ಹಾಗೆ ತೇಲುವ ಒಂದು.
ನಾಲಿಗೆಯ ಬೇರು ಕೂತಿರುವುದು ಅದರ ಮೇಲೆ.

ಬಾಗಿಲ ಬಳಿ ಕ್ವೆತುಶೆ, ಎದೆಗೆ ಹೆಸರಿನ ಪಟ್ಟಿ,
ಫೋನು ತೆಗೆದವರಿಗೆಲ್ಲ ಬೆರಳಾಡಿಸುವವಳು,
ನನ್ನ ಹರುಕು ಚೆಕ್ ಭಾಷೆಯನ್ನು ಪೂರ್ತಿ ಕೇಳಿಸಿಕೊಂಡು
ಯಜಿಲ್ಕಾ, ಅಂದಳು.
ಮೂವತ್ತು ವರ್ಷ ದಾದಿಯಾಗಿದ್ದಳಂತೆ.
ಯಜಿಲ್ಕಾ: ಪುಟ್ಟ ನಾಲಿಗೆ. ನಮ್ಮ ಕಿರುನಾಲಿಗೆ ಬೇರೆ, ಇದು ಬೇರೆ.
ಚಿಕ್ಕವನ್ನು ಹುಡುಕಬೇಡ ಮಗು,
ಅಗೆದವರ ಬೆರಳಸಂದಿಯಲ್ಲೇ ಜಾರಿಹೋಗಿರುತ್ತವೆ.
ಇದನ್ನು ನೋಡು.

ಗಾಜಿನೊಳಗೊಂದು ಬುರುಡೆ, ನೆತ್ತಿಯಲ್ಲಿ ಏಟಿನ ಕುಳಿ.
ಅಂಚು ಚೂಪಾಗಿಲ್ಲ, ಗಮನಿಸಿದೆಯಾ? ಎಲುಬು ಮತ್ತೆ ಬೆಳೆದಿದೆ.
ಏಟು ಬಿದ್ದ ಮೇಲೂ ತಿಂಗಳುಗಟ್ಟಲೆ ಇದ್ದಾನೆ ಇವನು.
ಯಾರೋ ಬಾಯಿಗೆ ಗಂಜಿ ಹಾಕಿದ್ದಾರೆ.
ಅಂದವಳು ತನ್ನ ಗಂಟಲ ಮೇಲೆ ಎರಡು ಬೆರಳಿಟ್ಟು
ಉಗುಳು ನುಂಗಿ ತೋರಿಸಿದಳು.
ಆಮೇಲೆ, ಹೊರಡಿ ಹೊರಡಿ, ಬೀಗ ಹಾಕಬೇಕು.

ಮರಳಿ ರೈಲು. ಕೊನೆಯ ಬ್ರೆಡ್ಡು, ಸೌತೆಯ ನೀರಿಗೆ ಮೆತ್ತಗಾದದ್ದು.
ಗಂಟಲ ಮೇಲೆ ಬೆರಳಿಟ್ಟು ನುಂಗಿದೆ.
ಏರಿತು. ಇಳಿದು ತನ್ನ ಜಾಗಕ್ಕೆ ಬಂತು.
ಇದೇನು ಎಂದು ನೋಡಿದ ಓಯುನಾ ತಾನೂ ಬೆರಳಿಟ್ಟಳು,
ನಿದ್ದೆಗಣ್ಣಿನ ಜ್ಲಾತಿತ್ಸಾಳೂ.
ಮೂವರೂ ಹಾಗೇ ಕೂತಿದ್ದಾಗ ಬಂದ: ಎಷ್ಟು ಜನ?
ಹೇಳಿದೆ.
ಸರಿಯಾಗಿ ಬಂತೋ ಇಲ್ಲವೋ. ಚೀಟಿಗಳಿಗೆ ಮುದ್ರೆ ಒತ್ತಿ
ಮುಂದಿನ ಬೋಗಿಗೆ ಹೋದ.